ಎಸ್‌ಎಸಿಡಿಯೋ, ಸಿಡಿಯೋ? ತೀರ್ಥಹಳ್ಳಿ ಮನೆಯಲ್ಲಿ ಮಾಡಿದ ಕುರುಡು ಪರೀಕ್ಷೆ

ಎಸ್‌ಎಸಿಡಿ ಅಂದರೆ ಸೂಪರ್ ಆಡಿಯೊ ಸಿಡಿ, ಸಿಡಿಗಿಂತ ಹೆಚ್ಚು ವಿವರ ಹಿಡಿಯುವ ಡಿಸ್ಕ್; ಹೈಬ್ರಿಡ್ ಆದರೆ ಅದರಲ್ಲೇ ಸಾದಾ ಸಿಡಿ ಪದರವೂ ಇರುತ್ತೆ. ಈ ಎರಡು ಪದರಗಳನ್ನು ಮನೆಯಲ್ಲೇ ಕೂತು ನ್ಯಾಯವಾಗಿ ಹೋಲಿಸೋಕೆ ಆಗಲ್ಲ ಅಂತ ನಮ್ಮ ಗುಂಪಿನವರೆಲ್ಲ ಹೇಳಿದ್ದರು. ಸ್ಟುಡಿಯೊ ಬೇಕು, ಲಕ್ಷಗಟ್ಟಲೆ ಸಾಮಾನು ಬೇಕು, ಅದೂ ತೀರ್ಥಹಳ್ಳಿ ಮಳೆಯಲ್ಲಿ ನಿಂಗೆ ಎಂತ ಕೇಳ್ತದೆ ಮಾರಾಯ ಅಂತ ನಗಾಡಿದ್ದರು. ಆಗುತ್ತೆ. ಒಂದೆರಡು ಮಳೆಗಾಲ ಹಿಡಿಯಿತು, ದುಡ್ಡೂ ಖರ್ಚಾಯಿತು. ಆದರೆ ಈಗ ನಗಾಡಿದವರೇ ಡಿಸ್ಕ್ ಹಿಡಿದುಕೊಂಡು ಮನೆಗೆ ಬರುತ್ತಿದ್ದಾರೆ. ಡಿಎಸ್‌ಡಿ (ಎಸ್‌ಎಸಿಡಿಯಲ್ಲಿ ದನಿ ಬರೆದಿಡುವ ರೀತಿ) ಏನು, ಪಿಸಿಎಂ (ಸಿಡಿಯ ರೀತಿ) ಏನು ಅನ್ನೋದನ್ನೆಲ್ಲ ಬಿಟ್ಟು ನಾನು ಮಾಡಿದ್ದನ್ನಷ್ಟೇ ಬರೆಯುತ್ತೇನೆ.

ಪ್ಲೇಯರ್ ತಂದದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ. ಸೆಕೆಂಡ್ ಹ್ಯಾಂಡ್, ಎಸ್‌ಎಸಿಡಿ ಮತ್ತು ಡಿವಿಡಿ ಆಡಿಯೊ (ಸಂಗೀತಕ್ಕೆಂದೇ ಮಾಡಿದ ಡಿವಿಡಿ) ಎರಡನ್ನೂ ಓದುವಂಥದ್ದು, 9 ಸಾವಿರದ ಹತ್ತಿರ. ಅಂಗಡಿಯವನು ಸಿಡಿ ಹಾಕಿ, "ಹಾಡ್ತಾ ಇದೆ ನೋಡಿ ಸಾರ್" ಅಂತ ತೋರಿಸಿದ. ಮನೆಗೆ ತಂದು ಎಸ್‌ಎಸಿಡಿ ಹಾಕಿದರೆ 'ನೋ ಡಿಸ್ಕ್'. ಸಿಡಿ ಪದರ ಓದುವುದು 780 ನ್ಯಾನೊಮೀಟರ್ ಲೇಸರ್, ಎಸ್‌ಎಸಿಡಿ ಪದರಕ್ಕೆ 650. ಒಂದು ಸತ್ತು ಇನ್ನೊಂದು ಬದುಕಿರಬಹುದು. ಹಳೇ ಪ್ಲೇಯರ್ ಕೊಳ್ಳುವವರು ಎಸ್‌ಎಸಿಡಿಯನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ. ಶಿವಮೊಗ್ಗದಲ್ಲಿ ಟಿವಿ ರಿಪೇರಿ ಮಾಡುವ ಒಬ್ಬರು ಪಿಕಪ್ (ಲೇಸರ್ ಇರುವ ಭಾಗ) ತರಿಸಿ ಹಾಕಿಕೊಟ್ಟರು. ಇನ್ನೊಂದು ಎರಡು ಸಾವಿರ ಅಲ್ಲಿ ಹೋಯಿತು.

ಆಮೇಲೆ ಕರೆಂಟು. ತೋಟದ ಪಂಪ್ ಶುರುವಾದರೆ ನಮ್ಮಲ್ಲಿ ವೋಲ್ಟೇಜ್ 170ಕ್ಕೆ ಇಳಿಯುತ್ತೆ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿತ್ತು ಅಂದ್ರೆ ಇನ್ವರ್ಟರೇ ಗತಿ. ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಆಂಪ್ಲಿಫೈಯರ್ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನೋದು ಅಡುಗೆಮನೆಗೂ ಕೇಳುತ್ತಿತ್ತು. ಸೈನ್ ವೇವ್‌ದು ತಂದೆ, ಬ್ಯಾಟರಿ ಬಿಟ್ಟು ಏಳು ಸಾವಿರ ಚಿಲ್ಲರೆ. ಅರ್ತಿಂಗ್ ಗುಂಡಿಗೆ ಹೊಸದಾಗಿ ಇದ್ದಿಲು, ಉಪ್ಪು ತುಂಬಿಸಿದೆ. ಹಮ್ ಪೂರ್ತಿ ನಿಂತಿತು. ನಿಜ ಹೇಳಬೇಕೆಂದರೆ ಈ ಇಡೀ ಕಥೆಯಲ್ಲಿ ಕಿವಿಗೆ ಅತಿ ದೊಡ್ಡ ಲಾಭ ಕೊಟ್ಟದ್ದು ಆ ಗುಂಡಿ. ಯಾವ ಡಿಸ್ಕೂ ಅಲ್ಲ.

ಹೋಲಿಕೆಗೆ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ರಿಮೋಟ್ ಹಿಡಿದು ಸಿಡಿ ಪದರ, ಎಸ್‌ಎಸಿಡಿ ಪದರ ಬದಲಾಯಿಸುತ್ತ ಕೂತೆ. ಪ್ಲೇಯರ್ ನಿಲ್ಲಿಸಿ ಮತ್ತೆ ಓದೋಕೆ ಹತ್ತು ಹದಿನೈದು ಸೆಕೆಂಡ್ ತಗೊಳ್ಳುತ್ತೆ. ಅಷ್ಟರಲ್ಲಿ ಹಿಂದೆ ಕೇಳಿದ್ದು ಕಿವಿಯಲ್ಲಿ ಇರಲ್ಲ. ಜೊತೆಗೆ ಎರಡರ ವಾಲ್ಯೂಮೇ ಬೇರೆ. ಎಸ್‌ಎಸಿಡಿಯಲ್ಲಿ 0 ಡೆಸಿಬೆಲ್ ಅಂದರೆ ಡಿಎಸ್‌ಡಿಯ ಗರಿಷ್ಠ ಮಟ್ಟದ ಅರ್ಧ. ಹಾಗಾಗಿ ಎಷ್ಟೋ ಪ್ಲೇಯರ್‌ಗಳಲ್ಲಿ ಅದು 6 ಡೆಸಿಬೆಲ್ ಸಣ್ಣಗೆ ಬರುತ್ತೆ. ಕೆಲವು ಕಂಪನಿಗಳು ಅದನ್ನು ಒಳಗೇ ಏರಿಸಿ ಕೊಡುತ್ತವೆ. ಜೋರಾಗಿ ಕೇಳಿದ್ದನ್ನೇ ಚೆನ್ನಾಗಿದೆ ಅನ್ನುವುದು ಮನುಷ್ಯನ ಕಿವಿ. ಸಾಗರದಿಂದ ಬಂದ ಭಾವ ಒಂದು ದಿನ ಎಸ್‌ಎಸಿಡಿ ಗೆದ್ದಿತು ಅಂದ, ಮರುದಿನ ನಾನು ವಾಲ್ಯೂಮ್ ನಾಬ್ ಸ್ವಲ್ಪ ತಿರುಗಿಸಿದೆ, ಸಿಡಿ ಗೆದ್ದಿತು ಅಂದ!

ಇನ್ನೊಬ್ಬರ ಪ್ಲೇಯರ್ ಎರವಲು ತಂದು, ಒಂದೇ ಡಿಸ್ಕಿನ ಎರಡು ಪ್ರತಿ ಹಾಕಿ, ನಡುವೆ ಚೇಂಜ್‌ಓವರ್ ಸ್ವಿಚ್ ಇಟ್ಟೆ. ಎರಡೂ ಒಟ್ಟಿಗೆ ಓಡಲ್ಲ. ಎರಡನೇ ಪ್ರತಿಗೆ ಕೊಟ್ಟ ಮೂರು ಸಾವಿರ ಹಾಗೇ ಹೋಯಿತು. ಆ ಡಿಸ್ಕ್ ಈಗಲೂ ಇದೆ, ಯಾರಿಗಾದರೂ ಬೇಕಾದರೆ ಹೇಳಿ.

ಕೊನೆಗೆ ಕೆಲಸ ಮಾಡಿದ ದಾರಿ ಇದು. ಎಸ್‌ಎಸಿಡಿ ಪದರವನ್ನು ಕಂಪ್ಯೂಟರ್ ಡ್ರೈವ್ ಓದಲ್ಲ, ಹಳೇ ಪ್ಲೇಯರ್‌ಗಳ ಡಿಜಿಟಲ್ ಔಟ್‌ನಲ್ಲೂ ಅದು ಬರಲ್ಲ. ಆದ್ದರಿಂದ ಅನಲಾಗ್ ಔಟ್‌ನಿಂದಲೇ ತೆಗೆದು, ಎರಡು ಇನ್‌ಪುಟ್‌ನ ಯುಎಸ್‌ಬಿ ಇಂಟರ್‌ಫೇಸ್ ಮೂಲಕ 24 ಬಿಟ್ 96 ಕಿಲೋಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದೆ. ಆ ಫೈಲಿನಿಂದ ಡಿದರ್ (ಬಿಟ್ ಕಡಿಮೆ ಮಾಡುವಾಗ ಬೆರೆಸುವ ಸಣ್ಣ ಗದ್ದಲ) ಹಾಕಿ 16 ಬಿಟ್ 44.1ರ ಒಂದು ಪ್ರತಿ, ಅಂದರೆ ಸಿಡಿ ಮಟ್ಟದ್ದು. ಅದನ್ನು ಮತ್ತೆ 24/96ಕ್ಕೆ ಏರಿಸಬೇಕು. ಏರಿಸಿದರೆ ಹೋದದ್ದೇನೂ ವಾಪಸ್ ಬರಲ್ಲ, ಆದರೆ ಎರಡು ಫೈಲಿನ ನಡುವೆ ಹಾರುವಾಗ ಡ್ಯಾಕ್ (ಡಿಜಿಟಲನ್ನು ಅನಲಾಗ್ ಮಾಡುವ ಭಾಗ) ರೇಟ್ ಬದಲಾಯಿಸಿ 'ಟಕ್' ಅನ್ನಲ್ಲ. ಆ ಟಕ್ ಕೇಳಿಯೇ ಎಷ್ಟೋ ಜನ 'ವ್ಯತ್ಯಾಸ' ಕಂಡುಹಿಡಿಯುತ್ತಾರೆ. ಎರಡೂ ಒಂದೇ ರೆಕಾರ್ಡಿಂಗ್‌ನಿಂದ ಹುಟ್ಟಿದ್ದರಿಂದ ವಾಲ್ಯೂಮ್ ಹೊಂದಿಸುವ ತಲೆನೋವೂ ಇಲ್ಲ. ಆಮೇಲೆ ಫೂಬಾರ್ ಅನ್ನುವ ಪ್ಲೇಯರ್ ಸಾಫ್ಟ್‌ವೇರ್‌ನ ಎಬಿಎಕ್ಸ್‌ಗೆ ಹಾಕಿದರೆ ಆಯಿತು. ಅದು ಎ, ಬಿ ಎರಡನ್ನೂ ಕೇಳಿಸಿ, ಹೆಸರು ಮುಚ್ಚಿಟ್ಟ ಎಕ್ಸ್ ಇವೆರಡರಲ್ಲಿ ಯಾವುದು ಅಂತ ಕೇಳುವ ಪರೀಕ್ಷೆ. ಫೈಲಿನ ಮೊದಲ ಅರ್ಧ ಸೆಕೆಂಡಿಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ, ಅದನ್ನಿಲ್ಲಿ ಹೇಳಲ್ಲ. ಯಾವ ಹಾಡಿನ ಯಾವ ತುಣುಕು ಆರಿಸುತ್ತೇನೆ ಅನ್ನುವುದನ್ನೂ ಹೇಳಲ್ಲ.

"ಎಡಿಸಿ (ಅನಲಾಗನ್ನು ಡಿಜಿಟಲ್ ಮಾಡುವ ಭಾಗ) ಒಳಗೆ ಹೋಗಿ ಬಂದ ಮೇಲೆ ಎಸ್‌ಎಸಿಡಿ ಎಸ್‌ಎಸಿಡಿಯಾಗಿ ಉಳಿಯುತ್ತದಾ?" ಅಂತ ಕೇಳುವವರು ಇದ್ದೇ ಇದ್ದರು. ಒಳ್ಳೇ ಪ್ರಶ್ನೆಯೇ. ಪ್ಲೇಯರ್ ಔಟನ್ನು ವೈ ಕೇಬಲ್‌ನಲ್ಲಿ ಸೀಳಿ, ಒಂದು ಕಾಲು ನೇರ ಆಂಪ್ಲಿಫೈಯರ್‌ಗೆ, ಇನ್ನೊಂದು ಇಂಟರ್‌ಫೇಸ್ ಸುತ್ತಿ ಆಂಪ್ಲಿಫೈಯರ್‌ಗೆ ಕೊಟ್ಟೆ. ಎರಡೂ ಕಾಲಿನ ಮಟ್ಟ ಮಲ್ಟಿಮೀಟರ್‌ನಲ್ಲಿ ಹೊಂದಿಸಿದೆ. ವೋಲ್ಟೇಜ್ ನೂರಕ್ಕೆ ಒಂದರಷ್ಟು ಹತ್ತಿರ ಬಂದರೆ 0.1 ಡೆಸಿಬೆಲ್ ಒಳಗೆ ಬಂದ ಹಾಗೆ. ಇಲ್ಲೊಂದು ಮಾತು: ಮುನ್ನೂರು ರೂಪಾಯಿ ಮೀಟರ್ 1 ಕಿಲೋಹರ್ಟ್ಸ್ ಟೋನ್‌ನಲ್ಲಿ ನಂಬಿಕೆಗೆ ಬರಲ್ಲ, 100 ಹರ್ಟ್ಸ್ ಹಾಕಿ ಅಳೆಯಿರಿ. ನೇರ ಯಾವುದು, ಸುತ್ತಿ ಬಂದದ್ದು ಯಾವುದು, ಯಾರೂ ಹೇಳಲಿಲ್ಲ.

ಎಬಿಎಕ್ಸ್‌ನಲ್ಲಿ 16ಕ್ಕೆ 12 ಸರಿಯಾದರೆ ಲೆಕ್ಕಕ್ಕೆ ಹಿಡಿಯಬಹುದು. ಬಂದು ಕೂತವರಲ್ಲಿ ಯಾರೂ ಹತ್ತು ದಾಟಿದ ನೆನಪಿಲ್ಲ. ನನ್ನದೂ ಎಂಟು ಒಂಬತ್ತರಲ್ಲೇ. ಒಬ್ಬರಿಗೆ ಐದು ಬಂದು, ಅವರು ಕಾಫಿ ಕುಡಿಯದೇ ಎದ್ದು ಹೋದರು. ನಾನು ಇದನ್ನು ಕಂಡುಹಿಡಿದೆ ಅಂತ ಹೇಳುತ್ತಿಲ್ಲ. ಬಾಸ್ಟನ್‌ನಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವ ಇಬ್ಬರು ಇದೇ ಬಗೆಯ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ದಾರೆ. ಎಸ್‌ಎಸಿಡಿ, ಡಿವಿಡಿ ಆಡಿಯೊ ಹಾಡುವಾಗ ನಡುವೆ 16/44.1ರ ಸುತ್ತು ಹಾಕಿದ್ದರು. 554 ಸಲದಲ್ಲಿ 276 ಸರಿ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತೆ, ಅಲ್ವಾ?

ಹಾಗಾದರೆ ಎಸ್‌ಎಸಿಡಿ ಚೆನ್ನಾಗಿ ಕೇಳುತ್ತೆ ಅನ್ನುವವರೆಲ್ಲ ಸುಳ್ಳು ಹೇಳುತ್ತಾರಾ? ಇಲ್ಲ. ಅದೇ ಡಿಸ್ಕಿನ ಸಿಡಿ ಪದರವನ್ನೂ ರೆಕಾರ್ಡ್ ಮಾಡಿ, ಮಟ್ಟ ಹೊಂದಿಸಿ, ಎಸ್‌ಎಸಿಡಿ ಪದರದ ಎದುರು ಇಟ್ಟೆ. ಪಾಶ್ಚಾತ್ಯ ಶಾಸ್ತ್ರೀಯ ಡಿಸ್ಕ್‌ಗಳಲ್ಲಿ ಏನೂ ಸಿಗಲಿಲ್ಲ. ರಾಕ್, ಪಾಪ್ ಕೆಲವದರಲ್ಲಿ ನನ್ನ ಹೆಂಡತಿ ಟಿವಿ ನೋಡುತ್ತಲೇ ಒಂದೂ ತಪ್ಪದೆ ಹೇಳಿದಳು. ಮಟ್ಟ ಹೊಂದಿಸುವ ಮುಂಚಿನ ಫೈಲ್ ತೆರೆದು ನೋಡಿದರೆ ಸಿಡಿ ಪದರದ ಅಲೆ ಬೇಲಿ ಸವರಿದ ಹಾಗೆ ಮೇಲೆ ಕೆಳಗೆ ಚಪ್ಪಟೆ. ಸರಾಸರಿ ಮಟ್ಟ ಐದಾರು ಡೆಸಿಬೆಲ್ ಜಾಸ್ತಿ. ಡೋಲಿನ ಪೆಟ್ಟಿಗೆ ಎದ್ದು ನಿಲ್ಲೋಕೆ ಜಾಗವೇ ಇಲ್ಲ. ನಾವು ದುಡ್ಡು ಕೊಡುತ್ತಿರುವುದು ಡಿಎಸ್‌ಡಿಗೆ ಅಲ್ಲ, ಆ ಪದರಕ್ಕೆ ಬೇರೆಯಾಗಿ ಮಾಡಿದ ಒಳ್ಳೇ ಮಾಸ್ಟರಿಂಗ್‌ಗೆ, ಅಂದರೆ ಡಿಸ್ಕಿಗೆ ಹಾಕುವ ಮುಂಚೆ ಹಾಡಿಗೆ ಕೊಡುವ ಕೊನೆಯ ಹದಕ್ಕೆ.

ಇದು ತಿಳಿದ ಮೇಲೆ ಎಸ್‌ಎಸಿಡಿ ಪದರದಿಂದ ತೆಗೆದ 16/44.1 ಪ್ರತಿಯನ್ನು ಇಪ್ಪತ್ತು ರೂಪಾಯಿ ಸಿಡಿ-ಆರ್‌ಗೆ ಬರೆದೆ. ಭಾವನಿಗೆ ಏನೂ ಹೇಳದೆ ಹಾಕಿದೆ. "ಇದು ನೋಡು ಎಸ್‌ಎಸಿಡಿ ಅಂದ್ರೆ" ಅಂದ. ಡಿಸ್ಕ್ ಹೊರಗೆ ತೆಗೆದು ತೋರಿಸಿದಾಗ, ಮಾರ್ಕರ್‌ನಲ್ಲಿ ಅವನ ಹೆಸರೇ ಬರೆದಿತ್ತು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಡಿವಿಡಿ ಆಡಿಯೊ ಕಥೆ ಬೇರೆ. ಸ್ಟೀರಿಯೊದಲ್ಲಿ 24/192ರ ತನಕ ಹೋಗುತ್ತೆ, ಆದರೆ ಅದರಲ್ಲಿ ಸಾದಾ ಡಿವಿಡಿ ಪ್ಲೇಯರ್‌ಗೆ ಅಂತ ಡಾಲ್ಬಿ ಡಿಜಿಟಲ್ ಭಾಗವೂ ಸಾಮಾನ್ಯವಾಗಿ ಇರುತ್ತೆ. ಅದನ್ನು ಕುಗ್ಗಿಸಿರುತ್ತಾರೆ. ಇದೇ ಭಾವ ವರ್ಷಗಟ್ಟಲೆ ಸಾದಾ ಪ್ಲೇಯರ್‌ನಲ್ಲಿ ಆ ಭಾಗ ಕೇಳಿಕೊಂಡು ಡಿವಿಡಿ ಆಡಿಯೊ ಹೊಗಳುತ್ತಿದ್ದ. ಮೆನು ನೋಡಲು ಟಿವಿ ಹಾಕಬೇಕು ಅನ್ನೋದೊಂದು ರಗಳೆ. ಹೊಸದಾಗಿ ಶುರು ಮಾಡುವವರಿಗೆ ನಾನು ಬ್ಲೂ-ರೇ ಆಡಿಯೊ ಹೇಳುತ್ತೇನೆ. ಅದೂ 24/192 ಕೊಡುತ್ತೆ, ಯಾವ ಬ್ಲೂ-ರೇ ಪ್ಲೇಯರಾದರೂ ನಡೆಯುತ್ತೆ.

ಮಧ್ಯೆ ಸುಮ್ನೆ ಒಂದಷ್ಟು ಆಟವಾಡಿದೆ. ಜಪಾನಿನ ಎಸ್‌ಎಚ್‌ಎಂ-ಸಿಡಿ (ವಿಶೇಷ ಪ್ಲಾಸ್ಟಿಕ್‌ನ ಸಿಡಿ) ಒಂದನ್ನು ಎರಡು ಸಾವಿರ ಚಿಲ್ಲರೆಗೆ ತರಿಸಿ, ಅದೇ ಮಾಸ್ಟರಿನ ಸಾದಾ ಸಿಡಿ ಜೊತೆ ಕಂಪ್ಯೂಟರ್‌ಗೆ ಇಳಿಸಿ ಹೋಲಿಸಿದೆ. ಬಿಟ್‌ಗೆ ಬಿಟ್ ಒಂದೇ. ಪ್ಲಾಸ್ಟಿಕ್ ಮಾತ್ರ ಒಳ್ಳೇದು. ಸಂಜೆ ತೋಟದ ಜೀರುಂಡೆ ಕೂಗನ್ನು 96ರಲ್ಲಿ ರೆಕಾರ್ಡ್ ಮಾಡಿದರೆ ಸ್ಪೆಕ್ಟ್ರಮ್‌ನಲ್ಲಿ 20 ಕಿಲೋಹರ್ಟ್ಸ್ ಮೇಲೂ ಗೆರೆ ಕಾಣುತ್ತೆ. ಎಸ್‌ಎಸಿಡಿ ರೆಕಾರ್ಡಿಂಗ್‌ನಲ್ಲೂ ಮೇಲಕ್ಕೆ ಹೋದಂತೆ ಮಂಜು ಏರುತ್ತೆ, ಆದರೆ ಅದು ಸಂಗೀತವಲ್ಲ, ಡಿಎಸ್‌ಡಿ ತನ್ನ ಗದ್ದಲವನ್ನು ಅಲ್ಲಿಗೆ ತಳ್ಳಿರುವುದು. ಯಕ್ಷಗಾನದ ಚಂಡೆಯನ್ನೂ ಹತ್ತಿರ ಕೂತು ರೆಕಾರ್ಡ್ ಮಾಡಿದೆ. ಆ ಪೆಟ್ಟಿಗೂ 16 ಬಿಟ್ ಸಾಕಾಯಿತು, ಸಾಕಾಗದೇ ಹೋದದ್ದು ನನ್ನ ಸ್ಪೀಕರ್. ಇನ್ನು ಮನೆಯ ಸದ್ದು: ಫೋನ್ ಆ್ಯಪ್ ಪ್ರಕಾರ ಜನವರಿ ರಾತ್ರಿ 30 ಡೆಸಿಬೆಲ್ ಆಸುಪಾಸು, ಆಷಾಢದ ಮಳೆ ತಗಡಿನ ಮೇಲೆ ಬೀಳುವಾಗ 60 ದಾಟುತ್ತೆ. ಸಿಡಿಯ 96 ಡೆಸಿಬೆಲ್ ವ್ಯಾಪ್ತಿಯನ್ನೇ ನಮ್ಮ ಮನೆ ಪೂರ್ತಿ ಬಳಸಲ್ಲ. ಪರೀಕ್ಷೆಗೆ ಬರುವವರು ಮಕರ ಸಂಕ್ರಾಂತಿ ಹೊತ್ತಿಗೆ ಬನ್ನಿ.

ಡಿಸ್ಕ್‌ಗಳಿಗೆ ಬೂಷ್ಟು ಹಿಡಿಯುವ ಕಾಟಕ್ಕೆ ಸ್ಟೀಲ್ ಡಬ್ಬಿ, ಸಿಲಿಕಾ ಜೆಲ್, ಕಪಾಟಿನೊಳಗೆ ಒಂದು ಜೀರೋ ಬಲ್ಬು. ಜೆಲ್ಲನ್ನು ಆಗಾಗ ಬಾಣಲೆಯಲ್ಲಿ ಹುರಿದು ಮತ್ತೆ ಹಾಕುತ್ತೇನೆ, ಬೇರೆ ಖರ್ಚಿಲ್ಲ.

ಇಷ್ಟಾದರೂ ಎಸ್‌ಎಸಿಡಿ ಮಾರಿಲ್ಲ. ಅದರ 5.1 ಭಾಗ (ಸುತ್ತಲಿನ ಆರು ಸ್ಪೀಕರ್‌ಗೆ ಬೇರೆ ಬೇರೆ ದನಿ) ಸಿಡಿಯಲ್ಲಿ ಇಲ್ಲವೇ ಇಲ್ಲ, ಅದನ್ನು ಗುರುತಿಸಲು ಯಾವ ಎಬಿಎಕ್ಸೂ ಬೇಡ. ಆರು ಆರ್‌ಸಿಎ ಕೇಬಲ್, ಹಳೇ ರಿಸೀವರ್ ಎಲ್ಲ ಸೇರಿ 12 ಸಾವಿರದಲ್ಲಿ ಮುಗಿಸಿದ್ದೇನೆ. ಹಿಂದಿನ ಎರಡು ಸ್ಪೀಕರ್‌ಗೆ ಜಾಗ ಆಗಬೇಕು ಅಂದರೆ ನಡುಮನೆಯ ದಿವಾನ್ ಎತ್ತಬೇಕು. ಆ ಬಗ್ಗೆ ಮನೆಯಲ್ಲಿ ಮಾತುಕತೆ ನಡೆಯುತ್ತಿದೆ.