ಮೂರು ಬಗೆಯ ಕಂಟೈನರ್‌ಗೆ ಒಂದೇ ಕಾನ್ಫಿಗ್ ಫೈಲ್: ನನ್ನ ಅನುಭವ

ನಮ್ಮ ಸರ್ವರ್‌ಗಳಲ್ಲಿ ಮೂರು ಬಗೆಯ ಕಂಟೈನರ್‌ಗಳು (ಪ್ರೋಗ್ರಾಮನ್ನು ಉಳಿದವುಗಳಿಂದ ಬೇರ್ಪಡಿಸಿ ಓಡಿಸುವ ಆವರಣಗಳು) ಓಡುತ್ತಿದ್ದವು. ಹಳೆಯ ಡೇಟಾಬೇಸ್‌ಗಳು ಎಲ್‌ಎಕ್ಸ್‌ಸಿಯಲ್ಲಿ, ಬಿಲ್ಡ್ ಕೆಲಸಗಳು ಸಿಸ್ಟಮ್‌ಡಿಯ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಎನ್‌ಸ್ಪಾನ್‌ನಲ್ಲಿ, ಉಳಿದ ಸರ್ವಿಸ್‌ಗಳೆಲ್ಲ ರನ್‌ಸಿ ಮೇಲೆ. ಈ ಮೂರೂ ಕಂಟೈನರ್ ಓಡಿಸುವ ಟೂಲ್‌ಗಳು, ಅಂದರೆ ರನ್‌ಟೈಮ್‌ಗಳು. ಮೂರರ ಕೆಳಗೂ ಇರುವುದು ಅದೇ ಲಿನಕ್ಸ್ ಕರ್ನಲ್, ಅದೇ ನೇಮ್‌ಸ್ಪೇಸ್ (ಒಳಗಿನವರಿಗೆ ಏನು ಕಾಣಬೇಕು ಅಂತ ಬೇರ್ಪಡಿಸುವುದು), ಅದೇ ಸಿಗ್ರೂಪ್ (ಮೆಮೊರಿ, ಸಿಪಿಯು ಬಳಕೆಗೆ ಮಿತಿ ಹಾಕುವುದು). ಬರೆಯುವ ಫೈಲ್ ಮಾತ್ರ ಮೂರು ಥರ. ಯಾರಾದರೂ ಮೆಮೊರಿ ಮಿತಿ ಬದಲಾಯಿಸಬೇಕು ಅಂದರೆ, ಆ ಕಂಟೈನರ್ ಯಾವುದರಲ್ಲಿ ಓಡುತ್ತಿದೆ ಅಂತ ಮೊದಲು ಹುಡುಕಬೇಕಿತ್ತು. ಆಮೇಲೆ ಅಲ್ಲಿನ ಬರವಣಿಗೆಯನ್ನು ನೆನಪು ಮಾಡಿಕೊಳ್ಳಬೇಕಿತ್ತು. ಅದಕ್ಕೇ ಒಂದು ಸಾಮಾನ್ಯ ಕಾನ್ಫಿಗ್ ರೂಪ ಮಾಡಿ, ಅದರಿಂದ ಮೂರೂ ಬಗೆಯ ಫೈಲ್‌ಗಳನ್ನು ಹೊರಡಿಸುವ ಟೂಲ್ ಬರೆಯಲು ಕೂತೆ.

‘ರನ್‌ಸಿಯ ಜೇಸನ್ ಫೈಲನ್ನೇ ಎಲ್ಲಕ್ಕೂ ಬಳಸಬಹುದಲ್ವಾ?’ ಅಂತ ತಂಡದಲ್ಲಿ ಕೇಳಿದರು. ಜೇಸನ್ ಅಂದರೆ ಡೇಟಾ ಬರೆದಿಡುವ ಒಂದು ಪಠ್ಯರೂಪ. ಕೇಳಬೇಕಾದ ಪ್ರಶ್ನೆಯೇ. 2015ರ ಜೂನ್‌ನಲ್ಲಿ ಡಾಕರ್, ಕೋರ್‌ಓಎಸ್ ಮತ್ತಿತರ ಕಂಪನಿಗಳು ಸೇರಿ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ಓಪನ್ ಕಂಟೈನರ್ ಇನಿಶಿಯೇಟಿವ್ ಶುರು ಮಾಡಿದ್ದು ಇಂಥ ಸಾಮಾನ್ಯ ರೂಪಕ್ಕಾಗಿಯೇ. ಅದರ ರನ್‌ಟೈಮ್ ಸ್ಪೆಕ್‌ನ (ರನ್‌ಸಿಯ ಜೇಸನ್ ಅನುಸರಿಸುವ ನಿಯಮಾವಳಿ) 1.0 ಆವೃತ್ತಿ 2017ರ ಜುಲೈನಲ್ಲಿ ಬಂತು. ನಾನು ಅದನ್ನು ಪೂರ್ತಿ ಓದಿದೆ, ತುಂಬಾ ಕಲಿತೆ. ಆದರೆ ಆ ಜೇಸನ್ ಮೆಷಿನ್ ಓದಲಿ ಅಂತ ಮಾಡಿದ ಫೈಲ್. ಸುಮ್ನೆ ಒಂದು ಶೆಲ್ ಓಡಿಸಲು ರನ್‌ಸಿ ತಾನಾಗಿ ಬರೆದುಕೊಡುವ ಮಾದರಿಯೇ ನೂರು ಸಾಲು ದಾಟುತ್ತದೆ. ಈ ಮಿತಿ ಯಾಕೆ ಇಟ್ಟೆವು ಅಂತ ಪಕ್ಕದಲ್ಲಿ ಒಂದು ಕಾಮೆಂಟ್ ಬರೆಯೋಣ ಅಂದರೆ ಜೇಸನ್‌ನಲ್ಲಿ ಅದಕ್ಕೆ ಜಾಗವಿಲ್ಲ.

ಯಾಮಲ್ ಅನ್ನುವ ಇನ್ನೊಂದು ಪಠ್ಯರೂಪದಲ್ಲಿ ಕಾಮೆಂಟ್ ಇದೆ. ಆದರೆ ಯಾಮಲ್ 1.1 ಪ್ರಕಾರ ಕೋಟ್ ಇಲ್ಲದೆ 22:22 ಅಂತ ಪೋರ್ಟ್ ಬರೆದರೆ, ಅದು 60ರ ಲೆಕ್ಕದಲ್ಲಿ 1342 ಆಗುತ್ತದೆ. ಹಾಗಾಗಿ ಟಾಮಲ್ ಅನ್ನುವ ಮೂರನೆಯ ರೂಪ ಆರಿಸಿಕೊಂಡೆ. ಈ ಚರ್ಚೆಗೆ ಜನ ಜಾಸ್ತಿ ಸಮಯ ಕೊಡುತ್ತಾರೆ. ನನ್ನ ಪ್ರಕಾರ ಅಷ್ಟು ಬೇಕಿಲ್ಲ. ನಿಜವಾದ ಕೆಲಸ ಇರುವುದು ಒಂದೊಂದು ಕೀಗೂ (ಸೆಟ್ಟಿಂಗ್‌ನ ಹೆಸರಿಗೂ) ಅರ್ಥ ಗಟ್ಟಿ ಮಾಡುವುದರಲ್ಲಿ.

ಸ್ವಾಪ್ ನೋಡಿ, ಅಂದರೆ ಮೆಮೊರಿ ಸಾಲದಾಗ ಬಳಸುವ ಡಿಸ್ಕ್‌ನ ಜಾಗ. ರನ್‌ಸಿಯ ಜೇಸನ್‌ನಲ್ಲಿ ಸ್ವಾಪ್ ಮಿತಿ ಅಂದರೆ ಮೆಮೊರಿ ಮತ್ತು ಸ್ವಾಪ್ ಎರಡೂ ಸೇರಿದ ಒಟ್ಟು. ಸಿಗ್ರೂಪ್‌ನ ಎರಡನೇ ಆವೃತ್ತಿಯಲ್ಲಿ ಅದು ಬರೀ ಸ್ವಾಪ್. ಎಲ್‌ಎಕ್ಸ್‌ಸಿ ನೀವು ಬರೆದದ್ದನ್ನು ಹಾಗೇ ಕರ್ನಲ್‌ಗೆ ದಾಟಿಸುತ್ತದೆ. ಅಂದರೆ ಅದೇ ಸಂಖ್ಯೆಯನ್ನು ಅಲ್ಲಿಂದ ಇಲ್ಲಿಗೆ ನಕಲು ಮಾಡಿದರೆ ಕಂಟೈನರ್‌ಗೆ ಸಿಗುವ ಜಾಗವೇ ಬದಲಾಗುತ್ತದೆ. ಎರರ್ ಮೆಸೇಜ್ ಕೂಡ ಬರುವುದಿಲ್ಲ. ನಮ್ಮ ರೂಪದಲ್ಲಿ ಸ್ವಾಪ್ ಅಂದರೆ ಸ್ವಾಪ್ ಮಾತ್ರ ಅಂತ ಬರೆದಿಟ್ಟೆ. ಮೆಮೊರಿ 512 ಎಂಬಿ, ಸ್ವಾಪ್ 256 ಎಂಬಿ ಅಂತ ಕೊಟ್ಟರೆ, ರನ್‌ಸಿಗೆ ಹೋಗುವಾಗ ಟೂಲ್ ಎರಡನ್ನೂ ಕೂಡಿಸಿ 805306368 ಬೈಟ್ ಅಂತ ಬರೆಯುತ್ತದೆ.

ಸಿಪಿಯು ಪಾಲು ಇನ್ನೂ ನಾಜೂಕು. ಹಳೆಯ ಸಿಗ್ರೂಪ್‌ನಲ್ಲಿ ಈ ಪಾಲನ್ನು ಹೇಳುವ ಶೇರ್ಸ್ ಸಂಖ್ಯೆ 2ರಿಂದ 262144ರವರೆಗೆ, ಡೀಫಾಲ್ಟ್ 1024. ಹೊಸದರಲ್ಲಿ ಅದರ ಬದಲು ವೆಯ್ಟ್, 1ರಿಂದ 10000, ಡೀಫಾಲ್ಟ್ 100. ರನ್‌ಸಿ ಬಹಳ ಕಾಲ ಬಳಸಿದ ಲೆಕ್ಕದಲ್ಲಿ 1024 ಶೇರ್ಸ್ ಹೋಗಿ 39 ವೆಯ್ಟ್ ಆಗುತ್ತದೆ. ಡೀಫಾಲ್ಟ್ ಇದ್ದದ್ದು ಡೀಫಾಲ್ಟ್ ಆಗಿ ಉಳಿಯಲೇ ಇಲ್ಲ! ಅದಕ್ಕೆ ನಾನು ವೆಯ್ಟನ್ನೇ ನೇರವಾಗಿ ತೆಗೆದುಕೊಂಡೆ. ರನ್‌ಸಿಗೆ ಕಳಿಸುವಾಗ, ಹೊಸ ಸಿಗ್ರೂಪ್‌ನ ಸೆಟ್ಟಿಂಗ್‌ಗಳನ್ನು ನೇರವಾಗಿ ಬರೆಯಲು ಸ್ಪೆಕ್‌ಗೆ ಆಮೇಲೆ ಸೇರಿಸಿದ ‘ಯೂನಿಫೈಡ್’ ಭಾಗದಲ್ಲಿ ಅದನ್ನು ಇಟ್ಟೆ. ಮಿತಿ ಹಾಕುವುದು ಇದಕ್ಕಿಂತ ಸುಲಭ. ಒಂದೂವರೆ ಕೋರ್ ಬೇಕು ಅಂದರೆ 1.5 ಅಂತ ಬರೆದರೆ ಸಾಕು. ರನ್‌ಸಿಗೆ ಅದು 100000 ಮೈಕ್ರೋಸೆಕೆಂಡಿಗೆ 150000, ಸಿಸ್ಟಮ್‌ಡಿಗೆ 150%.

ಕೇಪಬಿಲಿಟಿಗಳದು ಬೇರೆ ಥರದ ತೊಡಕು. ಇವು ರೂಟ್ ಬಳಕೆದಾರನ ಅಧಿಕಾರವನ್ನು ಬಿಡಿಬಿಡಿಯಾಗಿ ಹಂಚಿದ ತುಣುಕುಗಳು. ರನ್‌ಸಿಯಲ್ಲಿ ಏನೇನು ಕೊಡಬೇಕು ಅಂತ ಬರೆಯುತ್ತೇವೆ. ಎಲ್‌ಎಕ್ಸ್‌ಸಿಯಲ್ಲಿ ಏನು ತೆಗೆದುಹಾಕಬೇಕು ಅಂತಲೂ ಬರೆಯಬಹುದು, ಏನು ಉಳಿಸಬೇಕು ಅಂತಲೂ ಬರೆಯಬಹುದು. ಎರಡನ್ನೂ ಒಟ್ಟಿಗೆ ಹಾಕುವಂತಿಲ್ಲ. ಎನ್‌ಸ್ಪಾನ್ ತನ್ನದೇ ಡೀಫಾಲ್ಟ್ ಪಟ್ಟಿ ಹಿಡಿದು ಅದಕ್ಕೆ ಕೂಡಿಸು, ಅದರಿಂದ ಕಳೆ ಅನ್ನುತ್ತದೆ. ತೆಗೆದುಹಾಕುವ ಪಟ್ಟಿ ನನಗೆ ಇಷ್ಟವಿಲ್ಲ. ನಾಳೆ ಕರ್ನಲ್‌ಗೆ ಹೊಸ ಕೇಪಬಿಲಿಟಿ ಸೇರಿದರೆ ಅದು ಯಾರನ್ನೂ ಕೇಳದೆ ಕಂಟೈನರ್‌ನ ಒಳಗೆ ಬಂದುಬಿಡುತ್ತದೆ. ನಮ್ಮ ರೂಪದಲ್ಲಿ ಉಳಿಸುವ ಪಟ್ಟಿ ಒಂದೇ. ಪಟ್ಟಿ ಖಾಲಿ ಇದ್ದರೆ ಯಾವುದೂ ಇಲ್ಲ ಅಂತಲೇ ಅರ್ಥ.

ಗೊತ್ತಿಲ್ಲದ ಕೀ ಬಂದರೆ ಏನು ಮಾಡಬೇಕು ಅನ್ನುವುದರಲ್ಲಿ ನಾನು ಸ್ಪೆಕ್‌ನ ದಾರಿ ಹಿಡಿಯಲಿಲ್ಲ. ಗೊತ್ತಿಲ್ಲದ್ದನ್ನು ರನ್‌ಟೈಮ್ ಕಡೆಗಣಿಸಬೇಕು ಅನ್ನುತ್ತದೆ ಸ್ಪೆಕ್. ಹತ್ತಾರು ಕಡೆ ಓಡಬೇಕಾದ ಮಾನದಂಡಕ್ಕೆ ಅದು ಸರಿ. ಆದರೆ ಜನ ಕೈಯಲ್ಲಿ ಬರೆಯುವ ಫೈಲ್‌ನಲ್ಲಿ ‘ರೀಡ್‌ಓನ್ಲಿ’ಯ ಸ್ಪೆಲ್ಲಿಂಗ್ ತಪ್ಪಿದರೆ, ರೂಟ್ ಫೈಲ್‌ಸಿಸ್ಟಮ್ ಬರೆಯಲು ತೆರೆದೇ ಉಳಿಯುತ್ತದೆ. ಅದಕ್ಕೆ ನಮ್ಮ ಟೂಲ್ ಅಲ್ಲೇ ನಿಂತು ಸಾಲಿನ ನಂಬರ್ ತೋರಿಸುತ್ತದೆ. ಒಂದು ಸೆಟ್ಟಿಂಗ್ ಆ ರನ್‌ಟೈಮ್‌ನಲ್ಲಿ ಸಾಧ್ಯವೇ ಇಲ್ಲ ಅಂದರೂ ಹಾಗೇ ನಿಲ್ಲುತ್ತದೆ. ಬಿಟ್ಟು ಮುಂದೆ ಹೋಗುವುದಿಲ್ಲ.

ಆವೃತ್ತಿ ಸಂಖ್ಯೆ ಫೈಲ್‌ನ ಮೊದಲ ಸಾಲಲ್ಲೇ ಕಡ್ಡಾಯ. ಎಲ್‌ಎಕ್ಸ್‌ಸಿ 2017ರಲ್ಲಿ, 2.1ರಲ್ಲಿ, ಬಹಳಷ್ಟು ಕೀಗಳ ಹೆಸರು ಬದಲಾಯಿಸಿ, 2018ರ 3.0ರಲ್ಲಿ ಹಳೆಯವನ್ನು ತೆಗೆದೇಬಿಟ್ಟಿತು. ಹಳೆಯ ಫೈಲ್ ಬದಲಾಯಿಸಲು ಒಂದು ಸ್ಕ್ರಿಪ್ಟನ್ನೂ ಕೊಟ್ಟಿತ್ತು. ಆ ನಡೆ ನನಗೆ ಮೆಚ್ಚುಗೆಯಾಯಿತು, ಹಾಗೇ ಅನುಸರಿಸಿದೆ.

ಎನ್‌ಸ್ಪಾನ್ ಬಳಸುವವರಿಗೆ ಒಂದು ಮಾತು. ಅದರ ಫೈಲನ್ನು ಇಮೇಜ್ (ಕಂಟೈನರ್‌ನ ಫೈಲ್‌ಗಳ ಕಟ್ಟು) ಪಕ್ಕದಲ್ಲೇ ಇಟ್ಟರೆ, ಹೆಚ್ಚಿನ ಅಧಿಕಾರ ಕೊಡುವ ಸೆಟ್ಟಿಂಗ್‌ಗಳು ಜಾರಿಗೆ ಬರುವುದಿಲ್ಲ. ಅದಕ್ಕೆ ಇಟಿಸಿ ಕೆಳಗಿನ ಸಿಸ್ಟಮ್‌ಡಿ ಫೋಲ್ಡರ್‌ನ ಒಳಗಿರುವ ಎನ್‌ಸ್ಪಾನ್ ಫೋಲ್ಡರ್‌ನಲ್ಲಿ (/etc/systemd/nspawn) ಇಡಿ. ಮೆಮೊರಿ, ಸಿಪಿಯು ಮಿತಿಗಳು ಆ ಫೈಲ್‌ಗೆ ಸೇರುವುದೇ ಇಲ್ಲ, ಸಿಸ್ಟಮ್‌ಡಿಯ ಸರ್ವಿಸ್ ಯೂನಿಟ್ ಅನ್ನುವ ಬೇರೆ ಫೈಲ್‌ಗೆ ಹೋಗುತ್ತವೆ. ಹೀಗಾಗಿ ಒಂದು ಕಾನ್ಫಿಗ್‌ನಿಂದ ಎನ್‌ಸ್ಪಾನ್‌ಗೆ ಎರಡು ಫೈಲ್ ಹೊರಡುತ್ತವೆ.

ಟೆಸ್ಟ್ ಬರೆಯುವಾಗ, ಹೊರಟ ಫೈಲ್‌ಗಳನ್ನು ಹೋಲಿಸಲು ಹೋಗಲಿಲ್ಲ. ಒಂದೇ ಕಾನ್ಫಿಗ್‌ನಿಂದ ಮೂರೂ ಕಡೆ ಕಂಟೈನರ್ ಎಬ್ಬಿಸಿ, ಕರ್ನಲ್ ಏನು ಹೇಳುತ್ತದೆ ಅಂತ ಓದಿದೆ: ಸಿಗ್ರೂಪ್‌ನ ಮೆಮೊರಿ ಮತ್ತು ಸ್ವಾಪ್ ಮಿತಿ, ಪ್ರೋಕ್ (ಕರ್ನಲ್ ತನ್ನ ಸ್ಥಿತಿ ತೋರಿಸುವ ಫೋಲ್ಡರ್) ಕೆಳಗಿನ ಕೇಪಬಿಲಿಟಿ ಸಾಲುಗಳು, ಯುಐಡಿ ಮ್ಯಾಪ್ (ಒಳಗಿನ ಬಳಕೆದಾರ ಸಂಖ್ಯೆ ಹೊರಗೆ ಯಾವುದು ಅನ್ನುವ ಪಟ್ಟಿ). ಮೂರರಲ್ಲೂ ಒಂದೇ ಉತ್ತರ ಬಂದರೆ ಮಾತ್ರ ಟೆಸ್ಟ್ ಪಾಸ್.

ನೆಟ್‌ವರ್ಕನ್ನು ಮಾತ್ರ ಹೊರಗೇ ಇಟ್ಟಿದ್ದೇನೆ. ಯಾವ ನೆಟ್‌ವರ್ಕ್ ನೇಮ್‌ಸ್ಪೇಸ್ ಸೇರಬೇಕು ಅಂತ ಹೇಳಲು ಒಂದು ಕೀ ಇದೆ, ಅಷ್ಟೇ. ಬ್ರಿಡ್ಜ್, ಐಪಿ, ರೂಟ್ ಎಲ್ಲ ಬೇರೆ ಟೂಲ್‌ನ ಕೆಲಸ.