ಜಾಯ್‌ಕಾನ್ ಸುಮ್ಮನೆ ನಡುಗುತ್ತಿದ್ದರೆ

ನಿಂಟೆಂಡೊ ಸ್ವಿಚ್ ಗೇಮ್ ಕನ್ಸೋಲ್‌ನ ಪಕ್ಕಕ್ಕೆ ಸಿಕ್ಕಿಸುವ ಕಂಟ್ರೋಲರ್, ಅಂದರೆ ಜಾಯ್‌ಕಾನ್, ತಾನಾಗಿಯೇ ನಡುಗುತ್ತಿದ್ದರೆ ಬಿಚ್ಚಲು ಹೋಗಬೇಡಿ. ಮೊದಲು ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕಂಟ್ರೋಲರ್ ಭಾಗಕ್ಕೆ ಹೋಗಿ ವೈಬ್ರೇಷನ್ ಆಫ್ ಮಾಡಿ ನೋಡಿ. ನಿಂತಿತೇ? ಹಾಗಿದ್ದರೆ ನಡುಗಿಸುವ ಮೋಟರ್ ಬಹುಶಃ ಸರಿಯಾಗಿದೆ, ಆಡುತ್ತಿರುವ ಗೇಮ್‌ನೊಳಗೆ ವೈಬ್ರೇಷನ್ ಆಯ್ಕೆ ಇದ್ದರೆ ಅದನ್ನೇ ಬದಲಿಸಿ ನೋಡಿ. ನಿಲ್ಲದಿದ್ದರೆ ಕಂಟ್ರೋಲರ್ ಕಳಚಿ, ರೈಲಿನ (ಕನ್ಸೋಲ್‌ಗೆ ಜಾರಿಸಿ ಕೂರಿಸುವ ಪಟ್ಟಿ) ಬದಿಯ ಸಣ್ಣ ದುಂಡು ಸಿಂಕ್ ಬಟನ್ ಒಮ್ಮೆ ಒತ್ತಿ, ಮತ್ತೆ ಸೇರಿಸಿ. ಅದೇ ಮೆನುವಿನಲ್ಲಿ ಕಂಟ್ರೋಲರ್ ಅಪ್‌ಡೇಟ್ ಕೂಡ ಇದೆ, ಮಾಡಿಬಿಡಿ.

ಮಡಿಕೇರಿ ಕಡೆಯ ಮಳೆಗಾಲದಲ್ಲಿ ರೈಲಿನ ತುದಿಯ ಲೋಹದ ಪಿನ್‌ಗಳನ್ನೂ ನೋಡಲೇಬೇಕು. ತೇವ ಕೂತರೆ ಸಂಪರ್ಕ ಬಿಟ್ಟುಬಿಟ್ಟು ಬರುತ್ತದೆ. ಸ್ವಿಚ್ ಪೂರ್ತಿ ಆಫ್ ಮಾಡಿ, 99% ಐಸೊಪ್ರೊಪೈಲ್ ಆಲ್ಕೋಹಾಲ್ ತುಸು ತಾಗಿಸಿದ ಹತ್ತಿಕಡ್ಡಿಯಿಂದ ಮೆಲ್ಲಗೆ ಒರೆಸಿ, ಚೆನ್ನಾಗಿ ಆರಲು ಬಿಡಿ. ಬಟ್ಟೆ ಒಣಗಿಸುವ ಹಾಗೆ ಒಲೆಯ ಹತ್ತಿರ ಮಾತ್ರ ಇಡಬೇಡಿ, ಒಳಗಿರುವುದು ಲಿಥಿಯಂ ಬ್ಯಾಟರಿ. ಇಷ್ಟಾದರೂ ಒಂದೇ ಬದಿ ನಡುಗಿದರೆ ರಿಪೇರಿಗೆ ಕೊಡಿ.