ಪೈರಜಿನಮೈಡ್ ಮತ್ತು ಕ್ಷಯಾಣುವಿನ ಚಯಾಪಚಯ: ಪ್ರೋಟೀನ್ ವಿಘಟನೆಯನ್ನು ಪರೀಕ್ಷಿಸುವ ಕ್ರಮ

ಪೈರಜಿನಮೈಡ್ ಔಷಧವು ಕ್ಷಯಾಣುವಿನೊಳಗೆ ಪೈರಜಿನೋಯಿಕ್ ಆಮ್ಲವಾಗಿ ಬದಲಾಗಿ, ಚಯಾಪಚಯಕ್ಕೆ ಅತ್ಯಗತ್ಯವಾದ ಕೋಎನ್‌ಜೈಮ್-ಎ ಎಂಬ ಸಹಕಿಣ್ವದ ತಯಾರಿಕೆಗೆ ಬೇಕಾದ ಪ್ಯಾನ್‌ಡಿ ಕಿಣ್ವಕ್ಕೆ ಅಂಟಿಕೊಂಡು, ಅದನ್ನು ಕ್ಲಿಪ್‌ಸಿ1-ಕ್ಲಿಪ್‌ಪಿ ಎಂಬ, ಪ್ರೋಟೀನ್‌ಗಳನ್ನು ಒಡೆಯುವ ವಿಘಟನಾ ವ್ಯವಸ್ಥೆಯ ಬಾಯಿಗೆ ಒಡ್ಡುತ್ತದೆ. ಇದನ್ನು ಬಿಸಿಜಿ (ಕ್ಷಯದ ಲಸಿಕೆಯಲ್ಲಿ ಬಳಸುವ) ಬ್ಯಾಕ್ಟೀರಿಯಾದಲ್ಲಿ ಪರೀಕ್ಷಿಸುವುದಾದರೆ ಆಮ್ಲವನ್ನೇ ನೇರವಾಗಿ ಹಾಕಬೇಕು, ಏಕೆಂದರೆ ಔಷಧವನ್ನು ಆಮ್ಲವಾಗಿಸುವ ಕಿಣ್ವವು ಅದರಲ್ಲಿ ಕೆಲಸ ಮಾಡುವುದಿಲ್ಲ. ಇದನ್ನು ಮರೆತರೆ ಇಡೀ ಪ್ರಯೋಗವೇ ವ್ಯರ್ಥ. ನಂತರ ನಿಗದಿತ ಅವಧಿಗೊಮ್ಮೆ ಮಾದರಿ ತೆಗೆದು, ಪ್ಯಾನ್‌ಡಿ ಪ್ರಮಾಣವನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿಯೂ (ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ವಿಧಾನ) ಅದರ ಎಂಆರ್‌ಎನ್‌ಎಯನ್ನು (ಪ್ರೋಟೀನ್ ತಯಾರಿಕೆಯ ಸಂದೇಶವಾಹಕ) ಪ್ರತ್ಯೇಕವಾಗಿಯೂ ಅಳೆಯಿರಿ. ಎಂಆರ್‌ಎನ್‌ಎ ಹಾಗೆಯೇ ಉಳಿದು ಬ್ಲಾಟ್‌ನ ಪಟ್ಟಿ ಮಾತ್ರ ಮಸುಕಾದರೆ ವಿಘಟನೆಯನ್ನು ಶಂಕಿಸಬಹುದು. ಆದರೆ ಕ್ಲಿಪ್‌ಸಿ1 ಜೀನ್ ಬದಲಾದ ರೂಪಾಂತರಿ ಬ್ಯಾಕ್ಟೀರಿಯಾದಲ್ಲಿ ಪ್ಯಾನ್‌ಡಿ ಉಳಿಯುವುದನ್ನು ಕಾಣುವವರೆಗೆ ಅದು ಸಾಬೀತಾಯಿತೆಂದು ನಾನಂತೂ ಒಪ್ಪುವುದಿಲ್ಲ. ಪ್ಯಾನ್‌ಡಿಯ ನಂತರದ ಹಂತದಲ್ಲಿ ತಯಾರಾಗುವ ಪ್ಯಾಂಟೊಥೆನೇಟ್ ಬೆರೆಸಿದ ಮಾಧ್ಯಮದಲ್ಲಿಯೂ ಬೆಳೆಸಿ ನೋಡಿ: ಬೆಳವಣಿಗೆ ಮರಳಿದರೆ, ಪೆಟ್ಟು ಬಿದ್ದಿರುವುದು ಕೋಎನ್‌ಜೈಮ್-ಎ ಮಾರ್ಗಕ್ಕೇ ಎಂಬುದಕ್ಕೆ ಬಲ ಸಿಗುತ್ತದೆ.